ಮೊತರ್ಫಾ ಮತ್ತು ಮುಚ್ಚಿದ ನ್ಯಾಯಾಲಯ

1800ರಲ್ಲಿ ಹೈದರಾಬಾದಿನ ನಿಜಾಮ ಬಳ್ಳಾರಿ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ದತ್ತಮಂಡಲವೆಂದು ಹೆಸರಾದ ಆ ನಾಡಿಗೆ ಕಲೆಕ್ಟರಾಗಿ ಬಂದ ಥಾಮಸ್ ಮನ್ರೊ 1807ರವರೆಗೆ ಹೊಲಗಳನ್ನು ಅಳೆಸಿ ಕಂದಾಯ ನಿಗದಿ ಮಾಡಿದ. ರೈತವಾರಿ ಪದ್ಧತಿಯ ಚರಿತ್ರೆ ಬರೆದವರೆಲ್ಲ ಇದನ್ನು ಹೇಳುತ್ತಾರೆ. ಹೊಲವಿಲ್ಲದವರ ಪಾಡನ್ನು ಅಷ್ಟಾಗಿ ಯಾರೂ ಹೇಳುವುದಿಲ್ಲ. ನೇಕಾರ, ಬಡಗಿ, ಕಮ್ಮಾರ, ಗಾಣಿಗ, ಪೇಟೆಯ ಅಂಗಡಿಕಾರ, ಬೀದಿಬದಿಯಲ್ಲಿ ಬುಟ್ಟಿ ಇಟ್ಟು ಮಾರುವವಳು, ಇವರ ಪಾಲಿಗೆ ಬಂದ ತೆರಿಗೆ ಮೊತರ್ಫಾ.

ಕಸುಬಿನ ಮೇಲೆ ತೆರಿಗೆ ಹಾಕುವುದನ್ನು ಕಂಪನಿ ಹೊಸದಾಗಿ ಹುಟ್ಟಿಸಲಿಲ್ಲ. ಮಗ್ಗದೆರೆ, ಗಾಣದೆರೆಗಳು ವಿಜಯನಗರದ ಶಾಸನಗಳಲ್ಲೇ ಇವೆ. ಕಂಪನಿ ಹಳೆಯದನ್ನು ಹಾಗೇ ಉಳಿಸಿಕೊಂಡಿತು. ವರ್ತಕರ ಮೇಲಿನ ತೆರಿಗೆಗೆ ಈ ಭಾಗದಲ್ಲಿ ವೀಸಬಡಿ ಎಂಬ ಹೆಸರಿತ್ತು. ಇಷ್ಟೇ ಆಗಿದ್ದರೆ ಅದು ರಾಜರ ಕಾಲದ ಭಾರದ ಮುಂದುವರಿಕೆ ಎನ್ನಬಹುದಿತ್ತು. ಆದರೆ ಈಗ ಪೇಟೆಗೆ ಇಂಗ್ಲೆಂಡಿನ ಗಿರಣಿ ಬಟ್ಟೆ ಬಂದು ಬೀಳುತ್ತಿತ್ತು. 1850ರ ಹೊತ್ತಿಗೂ ಆ ಬಟ್ಟೆಯ ಮೇಲಿನ ಆಮದು ಸುಂಕ ಶೇ. 5ನ್ನು ದಾಟಿರಲಿಲ್ಲ. ಬಳ್ಳಾರಿಯ ನೇಕಾರ ಮಾತ್ರ ಸೀರೆ ಮಾರಾಟವಾಗಲಿ ಬಿಡಲಿ, ಮಗ್ಗ ಇಟ್ಟದ್ದಕ್ಕೇ ತೆರಿಗೆ ಕಟ್ಟಬೇಕು. ಒಂದೇ ಪೇಟೆಯಲ್ಲಿ ಪೈಪೋಟಿಗೆ ನಿಂತ ಇಬ್ಬರಲ್ಲಿ ಒಬ್ಬನ ಕಾಲಿಗೆ ಮಾತ್ರ ಗುಂಡು ಕಟ್ಟಿದ್ದರು. ತಾರತಮ್ಯವೆಂದು ನಾನು ಕರೆಯುವುದು ಇದನ್ನು.

ಇದರ ವಿರುದ್ಧ ದೊಡ್ಡದಾಗಿ ದನಿ ಎತ್ತಿದವರು ಮದರಾಸಿನ ಬಟ್ಟೆ ಮತ್ತು ನೀಲಿಯ ವರ್ತಕ ಗಾಜುಲ ಲಕ್ಷ್ಮೀನರಸು ಚೆಟ್ಟಿ. 1844ರಲ್ಲಿ ‘ಕ್ರೆಸೆಂಟ್’ ಪತ್ರಿಕೆ ಆರಂಭಿಸಿದ್ದ ಅವರು 1852ರಲ್ಲಿ ಮದ್ರಾಸ್ ನೇಟಿವ್ ಅಸೋಸಿಯೇಷನ್ ಕಟ್ಟಿದರು. ಕಂಪನಿಯ ಸನ್ನದು ಮರುವರ್ಷ ನವೀಕರಣಕ್ಕೆ ಬರಲಿತ್ತು. ಅದಕ್ಕೆ ಮೊದಲೇ ಬ್ರಿಟಿಷ್ ಪಾರ್ಲಿಮೆಂಟಿಗೆ ಸಂಘದ ದೀರ್ಘ ಮನವಿ ಹೋಯಿತು. ಮೊತರ್ಫಾದ ಬಗ್ಗೆ ಅದರಲ್ಲಿದ್ದ ದೂರುಗಳು ಖಚಿತವಾಗಿದ್ದವು: ಕುಶಲಕರ್ಮಿಯ ಉಪಕರಣದ ಬೆಲೆಗಿಂತ ಅದರ ಮೇಲಿನ ತೆರಿಗೆ ಎಷ್ಟೋ ಸಲ ಆರು ಪಟ್ಟು ಹೆಚ್ಚು, ಉಳ್ಳವನಿಗಿಂತ ಬಡವನ ಮೇಲೇ ಭಾರ ಜಾಸ್ತಿ, ವಸೂಲಿಗೆ ಬರುವವರು ಮನೆ ಶೋಧಿಸುತ್ತಾರೆ, ಸುಲಿಯುತ್ತಾರೆ, ಕೊಡದವನಿಗೆ ಬೇಡಿ ಹಾಕಿ ಕೂಡಿಹಾಕುತ್ತಾರೆ.

ಇದು ಉತ್ಪ್ರೇಕ್ಷೆ ಎಂದವರಿಗೆ ಸರ್ಕಾರದ್ದೇ ವರದಿ ಉತ್ತರ ಕೊಟ್ಟಿತು. 1853ರಲ್ಲಿ ಪಾರ್ಲಿಮೆಂಟ್ ಸದಸ್ಯ ಡ್ಯಾನ್ಬಿ ಸೀಮೋರ್ ಮದರಾಸು ಪ್ರಾಂತ್ಯಕ್ಕೆ ಬಂದು ಕಣ್ಣಾರೆ ನೋಡಿ ಹೋದರು. ಮರುವರ್ಷ ಪಾರ್ಲಿಮೆಂಟಿನಲ್ಲಿ ಗದ್ದಲವೆದ್ದು ಚಿತ್ರಹಿಂಸೆ ವಿಚಾರಣಾ ಆಯೋಗ ನೇಮಕವಾಯಿತು. 519 ಜನ ಖುದ್ದಾಗಿ ಬಂದು ದೂರಿದರು, 1,440 ದೂರುಗಳು ಪತ್ರದಲ್ಲಿ ಬಂದವು. 1855ರ ವರದಿಯಲ್ಲಿ ವಸೂಲಿಯ ವಿಧಾನಗಳ ವಿವರವಿದೆ. ಒಂದು ತುದಿ ಕಟ್ಟಿದ ಎರಡು ಕೋಲುಗಳ ನಡುವೆ ಬೆರಳಿಟ್ಟು ಒತ್ತುವುದು, ಅದೇ ಕಿಟ್ಟಿ. ಮನುಷ್ಯನನ್ನು ಬಗ್ಗಿಸಿ, ಕುತ್ತಿಗೆಗೂ ಕಾಲಿಗೂ ಹಗ್ಗ ಬಿಗಿದು, ಬಿಸಿಲಿನಲ್ಲಿ ನಿಲ್ಲಿಸುವುದು ಇನ್ನೊಂದು. ಕೆಲವು ರೂಪಾಯಿ ಬಾಕಿಗೆ ಈ ಶಿಕ್ಷೆ.

ಹಾಗಾದರೆ ಇವರು ಕೋರ್ಟಿಗೆ ಯಾಕೆ ಹೋಗಲಿಲ್ಲ? ಈ ಅಧ್ಯಾಯದ ಮುಖ್ಯ ಪ್ರಶ್ನೆ ಇದು. ಕಂದಾಯದ ವಿಷಯಕ್ಕೆ ಕೈಹಾಕಬಾರದೆಂದು ಕಲ್ಕತ್ತೆಯ ಸುಪ್ರೀಂ ಕೋರ್ಟಿಗೆ ಬ್ರಿಟಿಷ್ ಪಾರ್ಲಿಮೆಂಟು 1781ರಲ್ಲೇ ಕಟ್ಟು ಹಾಕಿತ್ತು. ಮುಂದೆ ಮದರಾಸು, ಬೊಂಬಾಯಿಯ ಕೋರ್ಟುಗಳಿಗೂ ಅದೇ ಕಟ್ಟು. ಬೊಂಬಾಯಿಯ ಕಲೆಕ್ಟರ್ ಸ್ಪೂನರ್ ಮೇಲಿನ ಪ್ರಕರಣದಲ್ಲಿ 1850ರಲ್ಲಿ ಪ್ರಿವಿ ಕೌನ್ಸಿಲ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅಧಿಕಾರಿ ಪ್ರಾಮಾಣಿಕವಾಗಿ ಕಾನೂನು ಹೀಗಿದೆಯೆಂದು ನಂಬಿ ವಸೂಲಿ ಮಾಡಿದ್ದರೆ, ಅವನ ತಿಳಿವಳಿಕೆಯೇ ತಪ್ಪಾಗಿದ್ದರೂ ಕೋರ್ಟು ಪ್ರಶ್ನಿಸುವ ಹಾಗಿಲ್ಲ ಎಂದಿತು. ಬಳ್ಳಾರಿಯಂಥ ಒಳನಾಡಿನಲ್ಲಿ ಜಿಲ್ಲಾ ಕೋರ್ಟುಗಳಿದ್ದವು, ನಿಜ. ಆದರೆ 1816ರ ಬದಲಾವಣೆಗಳ ಮೇಲೆ ಮ್ಯಾಜಿಸ್ಟ್ರೇಟ್ ಅಧಿಕಾರವೂ ಪೊಲೀಸೂ ಕಲೆಕ್ಟರನ ಕೈಗೇ ಬಂದಿದ್ದವು. ತೆರಿಗೆ ವಸೂಲಿ ಮಾಡುವವನ ಮೇಲೆ ಅವನ ಮುಂದೆಯೇ ದೂರು ಕೊಡಬೇಕು. ಭೂಕಂದಾಯದ ದರವನ್ನು ಯಾವ ಸಿವಿಲ್ ಕೋರ್ಟೂ ವಿಚಾರಿಸಬಾರದೆಂದು 1864ರ ಮದರಾಸು ಕಂದಾಯ ವಸೂಲಿ ಕಾನೂನಿನ 58ನೇ ಕಲಮು ಬರೆದೇ ಇಟ್ಟಿತು.

ಉಳಿದದ್ದು ಮನವಿಯೊಂದೇ. ಮನವಿಗೆ ಉತ್ತರ ಕೊಡಲೇಬೇಕೆಂಬ ಕಟ್ಟುಪಾಡು ದೊರೆಗಿಲ್ಲ. 1860ರಲ್ಲಿ ಆದಾಯ ತೆರಿಗೆ ಬಂದ ಬೆನ್ನಿಗೆ ಮೊತರ್ಫಾ ಹೋಯಿತು. ಆ ತೆರಿಗೆ ಅನ್ಯಾಯವಾಗಿತ್ತೆಂದು ಯಾವ ನ್ಯಾಯಾಧೀಶನೂ ಹೇಳಿರಲಿಲ್ಲ.

ಅದೇ ಸಾಮ್ರಾಜ್ಯದ ಇನ್ನೊಂದು ಮೂಲೆಯಲ್ಲಿ ಬಾಗಿಲು ತೆರೆದಿತ್ತು. ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯ 1878ರಲ್ಲಿ 12 ವರ್ಷ ಮೀರಿದ ಪ್ರತಿಯೊಬ್ಬ ಚೀನೀಯನೂ ಮೂರು ತಿಂಗಳಿಗೊಮ್ಮೆ 10 ಡಾಲರ್ ಕೊಟ್ಟು ಪರವಾನಗಿ ಪಡೆಯಬೇಕೆಂದು ಕಾನೂನು ಮಾಡಿತು. ಬೇರೆ ಯಾರಿಗೂ ಈ ತೆರಿಗೆ ಇಲ್ಲ. ವಿಕ್ಟೋರಿಯಾ ನಗರದಲ್ಲಿ ವಸೂಲಿಗಾರರು ಸಾಮಾನು ಜಪ್ತಿ ಮಾಡಲು ಶುರುಮಾಡಿದಾಗ, ಸೆಪ್ಟೆಂಬರಿನಲ್ಲಿ ಚೀನೀ ಅಡುಗೆಯವರು, ಅಗಸರು, ಮನೆಯಾಳುಗಳು ಕೆಲಸ ನಿಲ್ಲಿಸಿದರು. ವರ್ತಕರು ಅಂಗಡಿ ಮುಚ್ಚಿದರು. ಮುಷ್ಕರಕ್ಕೇ ನಿಲ್ಲದೆ ತೈ ಸಿಂಗ್ ಹೆಸರಿನ ಅಂಗಡಿ ವಸೂಲಿದಾರ ಮಗ್ವೈರ್ ಮೇಲೆ ದಾವೆ ಹೂಡಿತು. ನ್ಯಾಯಮೂರ್ತಿ ಜಾನ್ ಹ್ಯಾಮಿಲ್ಟನ್ ಗ್ರೇ ಕಾನೂನನ್ನೇ ಅಸಿಂಧುಗೊಳಿಸಿದರು. ಪರದೇಶದವರ ವಿಷಯವೂ ವ್ಯಾಪಾರದ ನಿಯಂತ್ರಣವೂ 1867ರ ಸಂವಿಧಾನದ ಪ್ರಕಾರ ಕೇಂದ್ರದ್ದು, ಪ್ರಾಂತ್ಯಕ್ಕೆ ಅಧಿಕಾರವಿಲ್ಲ ಎಂಬುದು ಅವರ ಮುಖ್ಯ ಆಧಾರ. 1884ರಲ್ಲಿ ಪ್ರಾಂತ್ಯ ಮತ್ತೆ ಇಂಥದೇ ಕಾನೂನು ತಂದಾಗ ವಿಂಗ್ ಚಾಂಗ್ ಪ್ರಕರಣದಲ್ಲಿ ಅದೂ ಬಿತ್ತು.

ಗೆಲುವು ಅಷ್ಟಕ್ಕೇ ನಿಂತದ್ದು ನೋವಿನ ಸಂಗತಿ. ಪ್ರಾಂತ್ಯಕ್ಕೆ ಅಧಿಕಾರವಿಲ್ಲ ಎಂದ ಮೇಲೆ 1885ರಲ್ಲಿ ಕೇಂದ್ರವೇ ಬಂದಿಳಿಯುವ ಚೀನೀಯರ ಮೇಲೆ 50 ಡಾಲರ್ ತಲೆಗಂದಾಯ ಹಾಕಿತು. ವರ್ತಕರಿಗೆ ವಿನಾಯಿತಿ ಸಿಕ್ಕಿತು, ಕೂಲಿಗಳು ತೆತ್ತರು. 1903ರಲ್ಲಿ ಅದು 500 ಡಾಲರಿಗೆ ಏರಿತು, 1923ರಲ್ಲಿ ಚೀನೀಯರ ವಲಸೆಯೇ ಹೆಚ್ಚುಕಡಿಮೆ ನಿಂತಿತು. ಸಮಾನತೆಯ ತತ್ತ್ವದ ಮೇಲೆ ಗೆದ್ದಿದ್ದರೆ ಕೇಂದ್ರದ ಕೈಯನ್ನೂ ಕಟ್ಟಬಹುದಿತ್ತು. ಆ ತತ್ತ್ವ ಅಂದಿನ ಸಂವಿಧಾನದಲ್ಲಿ ಇರಲಿಲ್ಲ. ಕೆನಡಾ ಸರ್ಕಾರ ಕ್ಷಮೆ ಕೇಳಿದ್ದು 2006ರಲ್ಲಿ.

ನಮ್ಮಲ್ಲಿ ಕಂದಾಯದ ಮೇಲಿನ ಆ ಹಳೆಯ ಕಟ್ಟು 1935ರ ಭಾರತ ಸರ್ಕಾರ ಕಾಯ್ದೆಯ 226ನೇ ಕಲಮಿನಲ್ಲೂ ಉಳಿದಿತ್ತು. ಅದನ್ನು ಕಡಿದದ್ದು 1950ರ ಸಂವಿಧಾನ. 225ನೇ ವಿಧಿಯ ಕೊನೆಯಲ್ಲಿ ಕೆಲವೇ ಸಾಲಿನ ಷರತ್ತೊಂದಿದೆ: ಕಂದಾಯದ ವಿಷಯದಲ್ಲಿ ಹೈಕೋರ್ಟುಗಳ ಮೇಲಿದ್ದ ನಿರ್ಬಂಧ ಇನ್ನು ಅನ್ವಯಿಸದು. ಸಂವಿಧಾನದ ಬಗ್ಗೆ ಮಾತಾಡುವಾಗ ಈ ಷರತ್ತನ್ನು ನೆನೆಯುವವರು ಕಡಿಮೆ. ನನ್ನ ಮಟ್ಟಿಗೆ ಅದು ದೊಡ್ಡ ಬಿಡುಗಡೆ. ಕಾನೂನಿನ ಬಲವಿಲ್ಲದೆ ಯಾವ ತೆರಿಗೆಯೂ ಇಲ್ಲ ಎನ್ನುತ್ತದೆ 265ನೇ ವಿಧಿ. ಸಮಾನತೆ ಕೊಡುವ 14ನೇ ವಿಧಿ ನಾಗರಿಕರಿಗಷ್ಟೇ ಅಲ್ಲ, ಈ ನೆಲದ ಮೇಲಿರುವ ಯಾವ ವ್ಯಕ್ತಿಗೂ ಸಲ್ಲುತ್ತದೆ. ತೈ ಸಿಂಗ್ ಅಂಗಡಿಯವರಿಗೆ ಸಿಗದಿದ್ದ ಆಧಾರ ಇದೇ.

1961ರಲ್ಲಿ ಕೇರಳದ ಮೂಪಿಲ್ ನಾಯರ್ ಪ್ರಕರಣದಲ್ಲಿ ಅದರ ಬಲ ಕಾಣಿಸಿತು. ಅಲ್ಲಿ ಗದ್ದೆಗೂ ಕಾಡಿಗೂ ಎಕರೆಗೆ ಒಂದೇ ದರ, 2 ರೂಪಾಯಿ. ವರ್ಷಕ್ಕೆ 3,100 ರೂಪಾಯಿ ಬರುವ ಕಾಡಿನ ಮೇಲೆ 54,000 ರೂಪಾಯಿ ತೆರಿಗೆ ಬಿದ್ದಿತ್ತು. ಸುಪ್ರೀಂ ಕೋರ್ಟು ಅದನ್ನು ಹೊಡೆದುಹಾಕಿತು. ಅದರ ಬೆನ್ನಲ್ಲೇ ಕಾಸರಗೋಡಿನಿಂದ ಖಂಡಿಗೆ ಶಾಮ ಭಟ್ಟರು ಕೃಷಿ ಆದಾಯ ತೆರಿಗೆಯನ್ನು ಅದೇ 14ನೇ ವಿಧಿಯ ಮೇಲೆ ಪ್ರಶ್ನಿಸಿದರು. ಅವರು ಗೆಲ್ಲಲಿಲ್ಲ. ಯಾರ ಮೇಲೆ, ಯಾವುದರ ಮೇಲೆ ತೆರಿಗೆ ಹಾಕಬೇಕೆಂಬ ವಿಂಗಡಣೆಯಲ್ಲಿ ಶಾಸಕಾಂಗಕ್ಕೆ ವಿಶಾಲ ಸ್ವಾತಂತ್ರ್ಯವಿದೆ ಎಂದಿತು ಕೋರ್ಟು. ಆದರೂ ಸರ್ಕಾರ ಅವರ ಎದುರು ನಿಂತು, ಹೀಗೆ ವಿಂಗಡಿಸಿದ್ದಕ್ಕೆ ಕಾರಣ ಹೇಳಬೇಕಾಯಿತು.

ಇವತ್ತು ಬಳ್ಳಾರಿ ಗಾಂಧಿನಗರದ ಅಂಗಡಿಯವರಿಗಾಗಲಿ ಸಿರುಗುಪ್ಪದ ಅಕ್ಕಿ ಗಿರಣಿಯವರಿಗಾಗಲಿ ಕುರುಗೋಡಿನ ವ್ಯಾಪಾರಿಗಾಗಲಿ, ತೆರಿಗೆ ಇಲಾಖೆಯ ಮೇಲ್ಮನವಿಯ ಹಂತಗಳ ಆಚೆಗೆ 226ನೇ ವಿಧಿಯ ರಿಟ್ ಅರ್ಜಿಯ ದಾರಿ ಇದೆ. ಅದನ್ನು ಹಾಕಬೇಕಾದ ಜಾಗ ಹೈಕೋರ್ಟಿನ ಧಾರವಾಡ ಪೀಠ.