ಕುಂಡಕ್ಕೂ ಬೇಕು ಬಸಿಗಾಲುವೆ

ನಮ್ಮ ಸದಸ್ಯರ ಮನೆಗಳಲ್ಲಿ ಈಚೆಗೆ ಸಕ್ಯುಲೆಂಟ್ ಗಿಡಗಳ ಮೋಹ ಹೆಚ್ಚಿದೆ. ಎಲೆ, ಕಾಂಡಗಳಲ್ಲಿ ನೀರು ಕೂಡಿಟ್ಟುಕೊಳ್ಳುವ ಕಳ್ಳಿ, ಲೋಳೆಸರಗಳ ಬಳಗವಿದು. ಮಳೆಗಾಲ ಮುಗಿಯುವಷ್ಟರಲ್ಲಿ ಅರ್ಧಕ್ಕರ್ಧ ಕೊಳೆತುಹೋಯಿತೆಂದು ಸಂಘದ ಕಚೇರಿಗೆ ಬಂದವರು ಹೇಳುವುದುಂಟು. ನಮ್ಮ ಅನುಭವವೂ ಅದೇ ಆದ್ದರಿಂದ ಈ ನಾಲ್ಕು ಮಾತು.

ಕಳೆದ ವರ್ಷ ನಮ್ಮ ಮನೆಯವರು ಉದುರು ಮೆಣಸು ಆರಿಸಿ ಮಾರಿದ ಹಣದಲ್ಲಿ ಹನ್ನೆರಡು ಗಿಡ ತರಿಸಿದ್ದರು. ಅವು ಬಂದದ್ದು ಹಗುರವಾದ, ಮಣ್ಣೇ ಇಲ್ಲವೆನ್ನಿಸುವಂಥ ಮಿಶ್ರಣದಲ್ಲಿ. ಮೂವತ್ತು ವರ್ಷ ತೋಟ ಮಾಡಿದವರಲ್ಲವೇ ನಾವು! ಇದರಲ್ಲಿ ಸತ್ವವೇನಿದೆ ಎಂದು ಕಿತ್ತು, ಗದ್ದೆಯ ಜೇಡಿಮಣ್ಣಿಗೆ ಕೊಟ್ಟಿಗೆ ಗೊಬ್ಬರ ಬೆರೆಸಿ, ಕುಂಡದ ತಳಕ್ಕೆ ಜಲ್ಲಿ ಹಾಸಿ ನೆಟ್ಟೆವು. ಆರಿದ್ರಾ ಮಳೆ ಹಿಡಿಯಿತು. ಆಷಾಢ ಕಳೆಯುವ ಹೊತ್ತಿಗೆ ಉಳಿದದ್ದು ಲೋಳೆಸರ ಒಂದೇ. “ಅಡಿಕೆಗೆ ವರ್ಷ ವರ್ಷ ಬಸಿಗಾಲುವೆ ತೆಗೆಸುವವರು ನೀವು, ಇದಕ್ಕೇಕೆ ಮರೆತಿರಿ?” ಎಂದು ಮನೆಯವರು ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ.

ಗಿಡವನ್ನು ಕೊಂದದ್ದು ನೀರಿಗಿಂತ ಹೆಚ್ಚಾಗಿ ಬೇರಿಗೆ ಗಾಳಿ ಸಿಗದಿದ್ದದ್ದು. ಜೇಡಿಯ ಕಣ 0.002 ಮಿ.ಮೀ.ಗಿಂತ ಚಿಕ್ಕದು, ನಡುವಿನ ಸಂದಿಯೂ ಅಷ್ಟೇ ಸಣ್ಣದು, ಹೊಕ್ಕ ನೀರನ್ನು ಬೇಗ ಬಿಡದು. ಈ ಗಿಡಗಳಲ್ಲಿ ಬಹುಪಾಲು ಹಗಲು ಎಲೆಯ ರಂಧ್ರ ಮುಚ್ಚಿ ರಾತ್ರಿ ತೆರೆಯುವಂಥವು. ಬೇರೆ ಗಿಡಗಳಂತೆ ಕುಂಡದ ನೀರನ್ನು ಹೀರಿ ಖಾಲಿ ಮಾಡುವುದಿಲ್ಲ. ತಳದ ಜಲ್ಲಿಯೂ ಉಪಯೋಗಕ್ಕೆ ಬರಲಿಲ್ಲ. ಮೇಲಿನ ಮಣ್ಣು ಪೂರ್ತಿ ತೊಯ್ದು ತೊಟ್ಟಿಕ್ಕುವ ತನಕ ಜಲ್ಲಿಯ ದೊಡ್ಡ ಸಂದಿಗೆ ನೀರು ಇಳಿಯುವುದಿಲ್ಲ. ಒದ್ದೆಯ ಪದರ ಬೇರಿನ ಸಮೀಪಕ್ಕೆ ಏರುತ್ತದೆ, ಅಷ್ಟೆ. ಜೇಡಿಗೆ ಒಂದು ಹಿಡಿ ಮರಳು ಬೆರೆಸಿದರೂ ಸಾಲದು, ಗಾರೆಯಂತೆ ಗಟ್ಟಿಯಾದೀತು.

ಹಾಗೆಂದು ಜೇಡಿಯನ್ನೇ ದೂರುವುದು ತರವಲ್ಲ. ಬಯಲುಸೀಮೆಯ ಕಪ್ಪುಮಣ್ಣಿನ ಬದುಗಳಲ್ಲಿ ಪಾಪಾಸುಕಳ್ಳಿ ಬೇಲಿಯಾಗಿ ನಿಂತಿರುತ್ತದೆ. ಅಲ್ಲಿ ಮಳೆ 600 ಮಿ.ಮೀ. ಆಸುಪಾಸು, ನಮ್ಮ ಆಗುಂಬೆಯಲ್ಲಿ ಸರಾಸರಿ 7000 ಮಿ.ಮೀ. ಮೀರುತ್ತದೆ.

ಕಾಫಿ ಸಸಿಯ ಚೀಲಕ್ಕೆ ಕಾಡುಮಣ್ಣು 6, ಗೊಬ್ಬರ 2, ಮರಳು 1 ಪಾಲು ಹಾಕುತ್ತೇವಷ್ಟೆ. ಇಲ್ಲಿ ಲೆಕ್ಕ ತಿರುಗಿಸಬೇಕು. ಈ ವರ್ಷ ದಪ್ಪ ಮರಳು, ಇಟ್ಟಿಗೆ ಚೂರು ಸೇರಿ 3 ಪಾಲು, ಕಾಡುಮಣ್ಣು 1, ಚೆನ್ನಾಗಿ ಕಳಿತ ಎಲೆಗೊಬ್ಬರ 1 ಪಾಲು ಬೆರೆಸಿದೆವು. ಇಟ್ಟಿಗೆಯ ಹುಡಿಯನ್ನು ಜರಡಿ ಹಿಡಿದು ತೆಗೆಯುವುದು ಅವಶ್ಯ. ಸುರಿದ ನೀರು ಹತ್ತು ಎಣಿಸುವುದರೊಳಗೆ ತಳದ ತೂತಿನಿಂದ ಹೊರಬಂತು. ಇಂಥ ಕುಂಡ ಬೇಗ ಒಣಗುತ್ತದೆ, ಆದ್ದರಿಂದ ಬೇಸಿಗೆಯಲ್ಲಿ ನೀರು ಮರೆಯಬಾರದು. ಮಳೆಗಾಲದಲ್ಲಿ ಸೂರಿನ ಹನಿ ಬೀಳದ, ಬೆಳಕಿರುವ ಜಗಲಿಯೇ ಸರಿ.

ಮನೆಯವರು ಈ ಸಲ ಐದೇ ಗಿಡ ತರಿಸಿದ್ದಾರೆ. ಮಿಶ್ರಣ ಕಲಸುವಾಗ ನಮ್ಮನ್ನು ಮರಳು ಹೊರುವುದಕ್ಕಷ್ಟೇ ಕರೆದರು.