ಹೊಲದ ಕಟ್ಟೆಗೆ ಎರಡು ದಾರಿ ಇರಲಿ



ನಮ್ಮ ಸೀಮೆಯಲ್ಲಿ ಬಿದ್ದ ಮಳೆಯನ್ನು ನಿಲ್ಲಿಸಿಕೊಂಡವನೇ ಜಾಣ ರೈತ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳಲ್ಲಿ ಸ್ವಂತ ಜಮೀನಿನ ಹಳ್ಳಕ್ಕೆ ಅಡ್ಡಲಾಗಿ ಮಣ್ಣಿನ ಏರಿ ಹಾಕಿ ಕಟ್ಟೆ ಮಾಡಿಕೊಂಡವರಿದ್ದಾರೆ. 2014ರಲ್ಲಿ ಕೃಷಿಭಾಗ್ಯ ಯೋಜನೆ ಬಂದಮೇಲೆ ಹೊಂಡ ತೆಗೆಸಿ ಪ್ಲಾಸ್ಟಿಕ್ ಹಾಳೆ ಹಾಸಿಕೊಂಡವರೂ ಬಹಳ ಮಂದಿ. ಈ ನೀರಿನಿಂದ ಶೇಂಗಾ ಕೈಗೆ ಬಂದಿದೆ, ದಾಳಿಂಬೆ ಉಳಿದಿದೆ, ತೆಂಗು ಅಡಿಕೆ ಬೇಸಿಗೆ ದಾಟಿವೆ. ಸಂತೋಷದ ಮಾತು.

ಆದರೆ ಕಟ್ಟೆ ಕಟ್ಟಿಸುವಾಗ ನಾವೆಲ್ಲ ಒಂದೇ ಲೆಕ್ಕ ಹಾಕುತ್ತೇವೆ: ನೀರು ಎಷ್ಟು ನಿಲ್ಲುತ್ತದೆ? ಇನ್ನೆರಡು ಪ್ರಶ್ನೆ ಕೇಳುವವರು ಕಡಿಮೆ. ಹೆಚ್ಚಾದ ನೀರು ಯಾವ ದಾರಿಯಿಂದ ಹೊರಗೆ ಹೋಗುತ್ತದೆ? ನೀರಿಗೆ ಬಿದ್ದವರು ಯಾವ ದಾರಿಯಿಂದ ಮೇಲೆ ಬರುತ್ತಾರೆ? ಕಟ್ಟೆ ನಿಮ್ಮದು ನಿಜ. ಆದರೆ ಅದು ಒಡೆದರೆ ಕೊಚ್ಚಿಹೋಗುವುದು ಕೆಳಗಿನವರ ಹೊಲ, ಅಲ್ಲಿನ ಗುಡಿಸಲು, ಕಟ್ಟಿದ ದನ. ಈಜಲು ಬರುವುದು ಇಡೀ ಊರಿನ ಮಕ್ಕಳು. ಆದ್ದರಿಂದ ಈ ಎರಡು ದಾರಿಗಳ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ.

ನೀರಿಗೆ ದಾರಿ

ಒಂದು ಎಕರೆಯ ಮೇಲೆ ಒಂದು ಅಂಗುಲ ಮಳೆ ಬಿದ್ದರೆ ಆ ನೀರು ಸುಮಾರು 1 ಲಕ್ಷ ಲೀಟರು. ನಿಮ್ಮ ಕಟ್ಟೆಗೆ 20 ಎಕರೆಯ ನೀರು ಹರಿದು ಬರುತ್ತದೆ ಎಂದಿಟ್ಟುಕೊಳ್ಳಿ. ಹಸ್ತ ಮಳೆಯೋ ಚಿತ್ತೆ ಮಳೆಯೋ ಒಂದು ರಾತ್ರಿ 3 ಅಂಗುಲ ಸುರಿದರೆ 60 ಲಕ್ಷ ಲೀಟರು ಆಯಿತು. ಅರ್ಧ ನೆಲಕ್ಕೆ ಇಂಗಿದರೂ 30 ಲಕ್ಷ ಲೀಟರು ಕಟ್ಟೆಗೆ ಬರುತ್ತದೆ. ಅರ್ಧ ಎಕರೆ ಹರವಿನ, ಸರಾಸರಿ 5 ಅಡಿ ಆಳದ ಕಟ್ಟೆ ಹಿಡಿಯುವುದೇ ಅಷ್ಟು. ಮೊದಲೇ ಅರ್ಧ ತುಂಬಿದ್ದರೆ ಉಳಿದ ನೀರು ಎಲ್ಲಿಗೆ ಹೋಗಬೇಕು?

ಕೋಡಿ ಇದ್ದರೆ ಕೋಡಿಗೆ, ಇಲ್ಲದಿದ್ದರೆ ಏರಿಯ ಮೇಲೆ. ಮಣ್ಣಿನ ಏರಿಯ ಮೇಲೆ ನೀರು ಹರಿಯತೊಡಗಿದರೆ ಹೊರಮೈಯ ಮಣ್ಣು ಕೊಚ್ಚಿ, ಕೊರಕಲು ಬಿದ್ದು, ನೋಡುನೋಡುವಷ್ಟರಲ್ಲಿ ಏರಿ ಸೀಳುತ್ತದೆ. 1979ರ ಆಗಸ್ಟ್ ತಿಂಗಳಲ್ಲಿ ಗುಜರಾತಿನ ಮೋರ್ಬಿ ಪಟ್ಟಣದ ಮೇಲೆ ಮಚ್ಚು ಅಣೆಕಟ್ಟೆಯ ನೀರು ನುಗ್ಗಿದ್ದು ಹೀಗೆಯೇ, ಮಣ್ಣಿನ ಏರಿಯ ಮೇಲೆ ನೀರು ಹರಿದು. ದೊಡ್ಡ ಕಟ್ಟೆಗೆ ಯಾವ ನಿಯಮವೋ ಚಿಕ್ಕ ಕಟ್ಟೆಗೂ ಅದೇ ನಿಯಮ.

“ಹತ್ತು ವರ್ಷದಿಂದ ಕೋಡಿ ಹರಿದಿಲ್ಲ ಸ್ವಾಮಿ, ಆ ಜಾಗದಲ್ಲಿ ನಾಲ್ಕು ತೆಂಗಿನ ಸಸಿ ಇಟ್ಟಿದ್ದೇನೆ” ಎನ್ನುವವರಿದ್ದಾರೆ. ಅಂಥವರು ಒಮ್ಮೆ ಮಾರಿಕಣಿವೆಯನ್ನು ನೆನೆಯಬೇಕು. 1907ರಲ್ಲಿ ಕೆಲಸ ಮುಗಿದ ವಾಣಿವಿಲಾಸ ಸಾಗರ 1933ರಲ್ಲಿ ತುಂಬಿ ಕೋಡಿ ಬಿತ್ತು. ಆಮೇಲೆ 89 ವರ್ಷ ಆ ಕೋಡಿಯಲ್ಲಿ ನೀರು ಹರಿಯಲಿಲ್ಲ. ಅಜ್ಜ ಕಂಡದ್ದನ್ನು ಮೊಮ್ಮಕ್ಕಳು ಕೇಳಿದ್ದಷ್ಟೇ. 2022ರ ಸೆಪ್ಟೆಂಬರಿನಲ್ಲಿ ಮತ್ತೆ ಕೋಡಿ ಬಿತ್ತು, 2025ರ ಜನವರಿಯಲ್ಲಿ ಇನ್ನೊಮ್ಮೆ. ಅಷ್ಟು ವರ್ಷ ಒಣಗಿತ್ತು ಎಂದು ಯಾರೂ ಆ ಕೋಡಿಯನ್ನು ಮುಚ್ಚಿರಲಿಲ್ಲ. ಅದು ಕಲ್ಲಿನ ಕಟ್ಟು. ಮಣ್ಣಿನ ಏರಿಯುಳ್ಳ ನಮಗೆ ಕೋಡಿ ಇನ್ನೂ ಹೆಚ್ಚು ಬೇಕು.

ಕೋಡಿಯ ವಿಷಯದಲ್ಲಿ ಇವನ್ನು ಗಮನಿಸಿ:

1. ಹಾಕಿದ ಮಣ್ಣಿನಲ್ಲಿ ಕೋಡಿ ಕಡಿಯಬೇಡಿ. ಏರಿಯ ಒಂದು ಕೊನೆಯಲ್ಲಿ, ಅಗೆಯದ ಗಟ್ಟಿ ನೆಲದಲ್ಲಿ ತೆಗೆಯಿರಿ. ತಳಕ್ಕೆ ಕಲ್ಲು ಹಾಸಿ, ಇಲ್ಲವೇ ಗರಿಕೆ ಬೆಳೆಸಿ. ಅಗಲ ಎಷ್ಟಿರಬೇಕೆಂಬುದು ಹರಿದುಬರುವ ನೀರನ್ನು ಅವಲಂಬಿಸಿದೆ. ಅದನ್ನು ತಿಳಿದವರಿಂದ ಅಳತೆ ಮಾಡಿಸಿ.

2. ಕೋಡಿಯ ತಳಕ್ಕಿಂತ ಏರಿಯ ತಲೆ ಉದ್ದಕ್ಕೂ 3 ಅಡಿಯಾದರೂ ಎತ್ತರ ಇರಲಿ. ಹೊಸ ಮಣ್ಣು ಕುಗ್ಗುತ್ತದೆ, ಟ್ರ್ಯಾಕ್ಟರು ಓಡಾಡಿದ ಕಡೆ ತಗ್ಗು ಬೀಳುತ್ತದೆ. ನೀರು ಮೊದಲು ಹುಡುಕುವುದು ಆ ತಗ್ಗನ್ನೇ. ಮಳೆಗೆ ಮುಂಚೆ ಮಣ್ಣು ಹಾಕಿ ನೀರು ಚಿಮುಕಿಸಿ ದಿಮ್ಮಸು ಹೊಡೆಯಿರಿ.

3. ಇನ್ನೊಂದಡಿ ನೀರು ನಿಲ್ಲಲಿ ಎಂದು ಕೋಡಿಗೆ ಮರಳಿನ ಚೀಲ ಇಡಬೇಡಿ. ಮೀನು ಹೋಗದಿರಲಿ ಎಂದು ಮುಳ್ಳುಕಂಟಿ, ಬಲೆ ಅಡ್ಡ ಇಡಬೇಡಿ. ಅದಕ್ಕೆ ಕಸ ಸಿಕ್ಕಿ ದಾರಿ ಮುಚ್ಚುತ್ತದೆ.

ಏರಿಯನ್ನು ನಡೆದು ನೋಡಿ

ಹಿಂದೆ ಊರ ಕೆರೆಗೆ ನೀರುಗಂಟಿ ಇದ್ದ. ನಿಮ್ಮ ಕಟ್ಟೆಗೆ ನೀವೇ ನೀರುಗಂಟಿ. ಮಳೆಗಾಲದಲ್ಲಿ ವಾರಕ್ಕೊಮ್ಮೆ, ದೊಡ್ಡ ಮಳೆ ಬಂದ ಮಾರನೆಯ ಬೆಳಿಗ್ಗೆ ತಪ್ಪದೆ, ಏರಿಯ ಮೇಲೂ ಹೊರಗಿನ ಬುಡದಲ್ಲೂ ನಡೆದು ನೋಡಿ. ಹೆಗ್ಗಣದ ಬಿಲ, ಏಡಿಯ ಬಿಲ, ಎರೆಮಣ್ಣಿನ ಬಿರುಕು ಕಂಡರೆ ಅಗೆದು, ಜೇಡಿಮಣ್ಣು ತುಂಬಿ ಬಡಿಯಿರಿ. ಏರಿಯ ಮೇಲೆ ಗರಿಕೆ ಇರಲಿ, ಮರ ಬೇಡ. ಬಳ್ಳಾರಿ ಜಾಲಿಯನ್ನು ಸಸಿಯಿದ್ದಾಗಲೇ ಕೀಳಿ. ಮರ ಸತ್ತು ಬೇರು ಕೊಳೆತರೆ ಅದೇ ನೀರಿಗೆ ಕೊಳವೆಯಾಗುತ್ತದೆ.

ಬುಡದಲ್ಲಿ ತಿಳಿನೀರು ಸ್ವಲ್ಪ ಜಿನುಗಿದರೆ ಗುರುತು ಹಾಕಿ ದಿನವೂ ನೋಡಿ. ನೀರು ಕೆಂಪಗೆ ಅಥವಾ ಕದಡಿ ಬರುತ್ತಿದ್ದರೆ ಒಳಗಿನ ಮಣ್ಣು ಕೊರೆದು ಬರುತ್ತಿದೆ ಎಂದರ್ಥ. ಆಗ ತಡಮಾಡಬೇಡಿ. ಮೊದಲು ಕೆಳಗಿನ ಮನೆಯವರಿಗೆ ತಿಳಿಸಿ. ತೂಬಿನಿಂದಲೋ ಪಂಪಿನಿಂದಲೋ ನೀರು ಇಳಿಸಿ. ಹೊರಗಿನಿಂದ ಜೇಡಿ ಮೆತ್ತಿ ಮುಚ್ಚಬೇಡಿ, ನೀರು ಇನ್ನೊಂದು ಕಡೆ ಒಡೆದುಕೊಳ್ಳುತ್ತದೆ. ಮೊದಲು ಮರಳು, ಮೇಲೆ ಜಲ್ಲಿ ಹೇರಿ. ಆಗ ನೀರು ಹೋಗುತ್ತದೆ, ಮಣ್ಣು ನಿಲ್ಲುತ್ತದೆ. ನೀರು ಬಿಡಲೆಂದು ಏರಿಯನ್ನು ಎಂದೂ ಕಡಿಯಬೇಡಿ. ಗುದ್ದಲಿಯಿಂದ ಮಾಡಿದ ಗಂಡಿಯನ್ನು ನೀರು ತಾನೇ ಬಾಗಿಲಾಗಿಸಿಕೊಳ್ಳುತ್ತದೆ.

ಮಹಾರಾಷ್ಟ್ರದ ರತ್ನಗಿರಿ ಜಿಲ್ಲೆಯ ತಿವರೆ ಎಂಬಲ್ಲಿ ಮಣ್ಣಿನ ಕಟ್ಟೆ ಸೋರುತ್ತಿದೆ ಎಂದು ಊರಿನವರು ಮೊದಲೇ ಹೇಳಿದ್ದರು. 2019ರ ಜುಲೈ 2ರ ರಾತ್ರಿ ಅದು ಒಡೆಯಿತು. ಕೆಳಗೆ ಮಲಗಿದ್ದ ಮನೆಗಳೇ ಹೋದವು. ಸೋರಿಕೆಯನ್ನು ಕಂಡವನ ಮಾತನ್ನು ತಳ್ಳಿಹಾಕಬಾರದು.

ಬಿದ್ದವರಿಗೆ ದಾರಿ

ಈಗ ಎರಡನೆಯ ದಾರಿ. ಇದರಲ್ಲಿ ನನ್ನದೇ ತಪ್ಪೊಂದನ್ನು ಹೇಳಬೇಕು.

ಹೊಳಲ್ಕೆರೆ ಕಡೆಯ ಒಂದು ಹಳ್ಳಿಯಲ್ಲಿ ಪ್ಲಾಸ್ಟಿಕ್ ಹಾಳೆಯ ಹೊಂಡವೊಂದನ್ನು ನಾನೇ ಅಳತೆ ಮಾಡಿದ್ದೆ. ಉದ್ದ, ಅಗಲ, ಹತ್ತಡಿ ಆಳ, ಎಲ್ಲವನ್ನೂ ಪುಸ್ತಕದಲ್ಲಿ ಬರೆದುಕೊಂಡು ಬಂದೆ. ಮುಂದಿನ ಭಾದ್ರಪದದಲ್ಲಿ ಅಡಿಕೆ ಸಸಿ ನೋಡಲು ಅಲ್ಲಿಗೇ ಹೋಗಿದ್ದಾಗ ಕೂಗು ಕೇಳಿತು. ಒಂಬತ್ತು ವರ್ಷದ ಹುಡುಗ ಕೊಡ ಅದ್ದಲು ಹೋಗಿ ಜಾರಿದ್ದ. ಅವನಿಗೆ ಸ್ವಲ್ಪ ಈಜು ಬರುತ್ತಿತ್ತು. ದಡಕ್ಕೆ ಬರುತ್ತಿದ್ದ, ಪಾಚಿ ಹಿಡಿದ ಹಾಳೆಯ ಮೇಲೆ ಕೈ ಊರುತ್ತಿದ್ದ, ಜಾರಿ ಮತ್ತೆ ನೀರಿಗೆ ಹೋಗುತ್ತಿದ್ದ. ಅವನ ಅಜ್ಜಿ ಎಮ್ಮೆಯ ಹಗ್ಗ ಬಿಚ್ಚಿ ತಂದು ಎಸೆದರು. ಇಬ್ಬರೂ ಸೇರಿ ಎಳೆದೆವು. ಹುಡುಗ ಬದುಕಿದ.

ಅಜ್ಜಿ ಸುಧಾರಿಸಿಕೊಂಡು ನನ್ನನ್ನು ಕೇಳಿದರು: “ನೀರು ಎಷ್ಟು ಹಿಡೀತದೆ ಅಂತ ಬರ್ಕೊಂಡು ಹೋದೆಯಲ್ಲಪ್ಪಾ, ಬಿದ್ದೋರು ಏನು ಹಿಡ್ಕೋಬೇಕು ಅಂತ ಯಾಕೆ ಹೇಳ್ಲಿಲ್ಲ?” ನನ್ನ ಬಳಿ ಉತ್ತರವಿರಲಿಲ್ಲ. ಆ ಸಂಜೆಯೇ ಹೊಂಡದ ನಾಲ್ಕು ಕಡೆ ಗೂಟ ನೆಟ್ಟು ಹಗ್ಗ ಬಿಟ್ಟೆವು. ಎಲ್ಲ ಮಕ್ಕಳಿಗೂ ಹಗ್ಗ ತರುವ ಅಜ್ಜಿ ಹತ್ತಿರ ಇರುವುದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

1. ಹಾಳೆಯ ಹೊಂಡಕ್ಕೆ ಸುತ್ತ ತಂತಿಬೇಲಿಯೂ ಮುಚ್ಚುವ ಗೇಟೂ ಇರಲಿ. ಒಳಗೆ ನಾಲ್ಕು ಕಡೆ ನೀರಿನ ತಳದವರೆಗೆ ಇಳಿಯುವ, ಮೊಳಕ್ಕೊಂದು ಗಂಟು ಹಾಕಿದ ಹಗ್ಗ ಇರಲಿ. ಗಾಳಿ ತುಂಬಿದ ಹಳೆಯ ಟ್ಯೂಬೊಂದನ್ನು ಹಗ್ಗ ಕಟ್ಟಿ ಗೂಟಕ್ಕೆ ತೂಗುಹಾಕಿ. ಈ ಹೊಂಡದಲ್ಲಿ ಈಜು ಬೇಡವೇ ಬೇಡ, ದೊಡ್ಡವರಿಗೂ ಬೇಡ.

2. ಮಣ್ಣಿನ ಕಟ್ಟೆಯಲ್ಲಿ ಈಜಬೇಡಿ ಎಂದು ನಾನು ಹೇಳುವುದಿಲ್ಲ. ಈಜು ಕಲಿತ ಮಗು ಕ್ಷೇಮ. ಆದರೆ ಇಳಿಜಾರಾದ, ಗಟ್ಟಿ ತಳದ ಒಂದೇ ಜಾಗವನ್ನು ಗೊತ್ತುಮಾಡಿ ಮೆಟ್ಟಿಲು ಕಡಿಯಿರಿ. ಎದೆಮಟ್ಟದ ನೀರಿಗೆ ಗಳು ನೆಡಿ, ಮಕ್ಕಳು ಅದನ್ನು ದಾಟಬಾರದು. ಬೆಂಡು ಕಟ್ಟಿಕೊಂಡೇ ಕಲಿಯಲಿ, ಈಜು ಬಲ್ಲ ದೊಡ್ಡವರೊಬ್ಬರು ದಡದಲ್ಲಿರಲಿ.

3. ಗದ್ದೆಗೆ ಹೂಳು ತೆಗೆದ ಗುಂಡಿ ನೀರಿನಡಿ ಕಾಣುವುದಿಲ್ಲ. ಮೊಣಕಾಲು ನೀರಿನಲ್ಲಿ ನಡೆಯುತ್ತಿದ್ದವನು ಮುಂದಿನ ಹೆಜ್ಜೆಗೆ ಮುಳುಗುತ್ತಾನೆ. ಬೇಸಿಗೆಯಲ್ಲೇ ಗುಂಡಿಯ ಅಂಚನ್ನು ಇಳಿಜಾರು ಮಾಡಿ.

4. ಏರಿಯಿಂದ ತಲೆಕೆಳಗಾಗಿ ಧುಮುಕಬಾರದು. ಕೋಡಿ ಹರಿಯುವಾಗ ಅದರ ಬಳಿ, ತೂಬಿನ ಬಳಿ ಇಳಿಯಬಾರದು. ಪಂಪಿನ ಸ್ಟಾರ್ಟರು ಬಂದು ಮಾಡದೆ ಯಾರೂ ನೀರಿಗೆ ಇಳಿಯಬಾರದು.

5. ಗಣಪತಿ ಬಿಡುವಾಗ ಈಜು ಬಲ್ಲ ಇಬ್ಬರು ಮಾತ್ರ ನೀರಿಗಿಳಿಯಲಿ. ಉಳಿದವರು ದಡದಲ್ಲಿ ನಿಂತು ಜಯಕಾರ ಹಾಕಲಿ.

ಯಾರಾದರೂ ಮುಳುಗುತ್ತಿದ್ದರೆ

ಮುಳುಗುವವರು ಕೂಗುವುದು ಅಪರೂಪ, ಉಸಿರಿಗೇ ಬಿಡುವಿರುವುದಿಲ್ಲ. ನೋಡಿದ ಕೂಡಲೇ ಹಾರಬೇಡಿ. ಹಗ್ಗ, ಗಳು, ಪಂಚೆ, ಸೀರೆ, ಟ್ಯೂಬು, ಸಿಕ್ಕಿದ್ದನ್ನು ಚಾಚಿ ಅಥವಾ ಎಸೆಯಿರಿ. ಒಬ್ಬರನ್ನು ಉಳಿಸಲು ಹೋಗಿ ಅಣ್ಣನೂ ಅಪ್ಪನೂ ಹೋದ ಮನೆಗಳಿವೆ.

ಹೊರಗೆ ತೆಗೆದವರನ್ನು ತಲೆಕೆಳಗು ಮಾಡಿ ತಿರುಗಿಸಬೇಡಿ, ಹೊಟ್ಟೆ ಒತ್ತಬೇಡಿ, ಅದರಲ್ಲಿ ಹೊತ್ತು ಹೋಗುತ್ತದೆ. ಉಸಿರಾಡುತ್ತಿದ್ದರೆ ಮಗ್ಗುಲಾಗಿ ಮಲಗಿಸಿ. ಉಸಿರಿಲ್ಲದಿದ್ದರೆ ಅಂಗಾತ ಮಲಗಿಸಿ, ತಲೆ ಹಿಂದಕ್ಕೆ ಬಾಗಿಸಿ, ಮೂಗು ಹಿಡಿದು ಬಾಯಿಗೆ ಬಾಯಿಟ್ಟು ಎರಡು ಸಾರಿ ಊದಿ. ಎದೆಯ ನಡುವೆ ಅಂಗೈ ಇಟ್ಟು ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ 30 ಸಾರಿ ಬಲವಾಗಿ ಒತ್ತಿ, ಮತ್ತೆ ಎರಡು ಸಾರಿ ಊದಿ. ಉಸಿರು ಬರುವವರೆಗೆ, ಇಲ್ಲವೇ 108ರ ವಾಹನ ಬರುವವರೆಗೆ ನಿಲ್ಲಿಸಬೇಡಿ. ಚೇತರಿಸಿಕೊಂಡವರನ್ನೂ ಆಸ್ಪತ್ರೆಗೆ ತೋರಿಸಿ.

ಇಷ್ಟಕ್ಕೂ ಬೇಕಾದ ಖರ್ಚು ನಾಲ್ಕು ಗೂಟ, ಹಗ್ಗ, ಹಳೆಯ ಟ್ಯೂಬು, ಎರಡು ದಿನದ ಕೂಲಿ. ಬೇಲಿಗೆ ಮಾತ್ರ ಸ್ವಲ್ಪ ಹೆಚ್ಚು. ಕಾರಹುಣ್ಣಿಮೆಯೊಳಗೆ ಕೋಡಿ ಬಿಡಿಸಿ, ಏರಿ ಸರಿಮಾಡಿ, ಹಗ್ಗ ಕಟ್ಟಿ. ಉತ್ತರೆ ಮಳೆಗೆ ಮುಂಚೆ ಇನ್ನೊಮ್ಮೆ ನೋಡಿ. ಕಟ್ಟೆಯ ಒಡೆಯರು ಹೇಳಿಕಳಿಸಿದರೆ ನಾನೂ ಬಂದು ನಿಮ್ಮ ಜೊತೆ ಏರಿಯ ಮೇಲೆ ನಡೆಯುತ್ತೇನೆ. ಈ ಸಲ ಹಗ್ಗವನ್ನೂ ಮರೆಯದೆ ಕೇಳುತ್ತೇನೆ.

ನಿಮ್ಮ ಗ್ರಾಮಸೇವಕ