ಶುಷ್ಕನೇತ್ರವೂ ಹನಿಮದ್ದೂ

ಪಂಚೇಂದ್ರಿಯಗಳಲ್ಲಿ ನಾವು ಅತಿಶಯವಾದ ಪ್ರೀತಿಯಿಂದ ಹೆಸರಿಸುವುದೂ ಅತಿಶಯವಾದ ಅಲಕ್ಷ್ಯದಿಂದ ಕಾಣುವುದೂ ಕಣ್ಣನ್ನೇ. ಪ್ರಿಯರಾದವರನ್ನು ಕಣ್ಮಣಿಯೆಂದು ಕರೆಯುತ್ತೇವೆ; ಆದರೆ ಆ ಕಣ್ಣೇ ಉರಿಯತೊಡಗಿದಾಗ, ಯಾರಿಗೋ ಎಂದೋ ತಂದು ಗೂಡಿನಲ್ಲಿಟ್ಟ ಸೀಸೆಯೊಂದನ್ನು ಹುಡುಕಿ, ಅದರ ಮೇಲೆ ಬರೆದುದನ್ನು ಓದದೆಯೇ ಎರಡು ಹನಿ ಬಿಟ್ಟುಕೊಳ್ಳುತ್ತೇವೆ. ಕಣ್ಣಿಗೆ ಹಾಕುವ ಮದ್ದುಗಳೆಲ್ಲ ಒಂದೇ ಎಂಬ ಭ್ರಾಂತಿಯು ಎಷ್ಟೋ ಮನೆಗಳಲ್ಲಿ ಬೇರೂರಿದೆ. ವಾಸ್ತವವಾಗಿ ಕೆಲವು ಹನಿಗಳು ಕಣ್ಣನ್ನು ತೋಯಿಸುತ್ತವೆ. ಕೆಲವು ಅದರ ಕೆಂಪನ್ನು ಮರೆಮಾಡುತ್ತವೆ. ಮತ್ತೆ ಕೆಲವು, ವಿವೇಚನೆಯಿಲ್ಲದೆ ಬಹುಕಾಲ ಬಳಸಿದರೆ, ದೃಷ್ಟಿಯನ್ನೇ ಅಪಹರಿಸಬಲ್ಲವು. ಆದುದರಿಂದ ಗೃಹಸ್ಥರು ಈ ವಿಷಯದಲ್ಲಿ ಅವಶ್ಯವಾಗಿ ತಿಳಿದಿರಬೇಕಾದುದನ್ನು ಇಲ್ಲಿ ನಿರೂಪಿಸುತ್ತೇವೆ.

ಶುಷ್ಕತೆಯ ಸ್ವರೂಪ

ಕಣ್ಣೀರೆಂಬುದು ದುಃಖದಲ್ಲಿ ಮಾತ್ರ ಒಸರುವುದಲ್ಲ. ನಾವು ಎಚ್ಚರವಾಗಿರುವಾಗಲೆಲ್ಲ ಅದರ ತೆಳುವಾದ ಪಟಲವೊಂದು ಕಣ್ಣಿನ ಮೇಲೆ ಹರಡಿರುತ್ತದೆ. ಅದರಲ್ಲಿ ತಳಕ್ಕೆ ಲೋಳೆ, ನಡುವೆ ನೀರು, ಮೇಲೆ ಎಣ್ಣೆ. ಲೋಳೆಯು ನೀರನ್ನು ಕಣ್ಣಿಗೆ ಅಂಟಿಸುತ್ತದೆ. ಎಣ್ಣೆಯು ನೀರು ಆವಿಯಾಗದಂತೆ ಕಾಯುತ್ತದೆ. ಈ ಎಣ್ಣೆಯನ್ನು ಒಸರಿಸುವ ಸಣ್ಣ ಗ್ರಂಥಿಗಳು ರೆಪ್ಪೆಗಳ ಅಂಚಿನಲ್ಲಿವೆ. ಅವುಗಳನ್ನು 1666ರಲ್ಲಿ ವರ್ಣಿಸಿದ ಜರ್ಮನಿಯ ವೈದ್ಯ ಹೈನ್ರಿಕ್ ಮೈಬೋಮನ ಹೆಸರೇ ಅವುಗಳಿಗೆ ಬಂದಿದೆ. ನೀರು ಕಡಿಮೆಯಾದರೂ ಕಣ್ಣು ಒಣಗುವುದು. ನೀರಿದ್ದು ಎಣ್ಣೆ ಕೆಟ್ಟರೂ ಒಣಗುವುದು. ಇವೆರಡರಲ್ಲಿ ಎರಡನೆಯದೇ ಹೆಚ್ಚು ಸಾಮಾನ್ಯವಾದುದು.

ಮರಳು ಬಿದ್ದಂತೆ ಕಿರಕಿರಿ, ಉರಿ, ಸಂಜೆಯ ವೇಳೆಗೆ ಬಳಲಿಕೆ, ರೆಪ್ಪೆ ಬಡಿದರೆ ತಿಳಿಯಾಗುವ ಮಬ್ಬು—ಇವು ಇದರ ಲಕ್ಷಣಗಳು. ಒಣಗಿದ ಕಣ್ಣೇ ಕೆಲವೊಮ್ಮೆ ಧಾರೆಯಾಗಿ ನೀರು ಸುರಿಸುವುದುಂಟು. ಇದರಲ್ಲಿ ವಿರೋಧವೇನೂ ಇಲ್ಲ. ಉರಿಯನ್ನು ತಾಳಲಾರದೆ ಕಣ್ಣು ಒಮ್ಮೆಲೇ ನೀರನ್ನು ಹೊರಡಿಸುತ್ತದೆ, ಆದರೆ ಅದು ನಿಲ್ಲದೆ ಕೆನ್ನೆಗೆ ಇಳಿದುಹೋಗುತ್ತದೆ.

ಈ ವ್ಯಾಧಿಯನ್ನು ನಮ್ಮ ಪೂರ್ವಿಕರೂ ಗಮನಿಸಿದ್ದರು. ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿ ಶುಷ್ಕಾಕ್ಷಿಪಾಕವೆಂಬ ನೇತ್ರರೋಗವನ್ನು ಹೇಳಿದೆ. ಕಣ್ಣಿಗೆ ಹನಿ ಬಿಡುವ ಕ್ರಿಯೆಗೆ ಆಯುರ್ವೇದದಲ್ಲಿ ಆಶ್ಚ್ಯೋತನವೆಂದು ಹೆಸರು. ಈಚಿನ ಕಾಲದಲ್ಲಿ ಸ್ವೀಡನ್ನಿನ ನೇತ್ರವೈದ್ಯ ಹೆನ್ರಿಕ್ ಷೋಗ್ರೆನನು 1933ರಲ್ಲಿ, ಕಣ್ಣು ಬಾಯಿಗಳೆರಡೂ ಒಣಗಿ ಕೀಲುನೋವೂ ಕೂಡಿಬರುವ ರೋಗವನ್ನು ಕುರಿತು ಪ್ರಬಂಧ ಬರೆದನು.

ವಯಸ್ಸು, ಸ್ತ್ರೀಯರಲ್ಲಿ ಮುಟ್ಟು ನಿಂತ ಮೇಲಿನ ಕಾಲ, ಫ್ಯಾನಿನ ನೇರವಾದ ಗಾಳಿ, ಹವಾನಿಯಂತ್ರಿತ ಕೊಠಡಿ, ಒಲೆಯ ಹೊಗೆ, ಕಲಬುರಗಿ ರಾಯಚೂರು ಸೀಮೆಯ ಬೇಸಗೆಯಂಥ ಒಣ ಬಿಸಿಗಾಳಿ—ಇವೆಲ್ಲ ಕಾರಣಗಳೇ. ನೆಗಡಿ ತುರಿಕೆಗಳಿಗೆ ನುಂಗುವ ಕೆಲವು ಗುಳಿಗೆಗಳೂ ಕಣ್ಣನ್ನು ಒಣಗಿಸುತ್ತವೆ. ನಿಮಿಷಕ್ಕೆ ಸುಮಾರು 15 ಸಲ ಬಡಿಯುವ ರೆಪ್ಪೆಯು ಪುಸ್ತಕವನ್ನಾಗಲಿ ಮೊಬೈಲನ್ನಾಗಲಿ ಎವೆಯಿಕ್ಕದೆ ನೋಡುವಾಗ ಅದರ ಅರ್ಧಕ್ಕೂ ಇಳಿಯುವುದುಂಟು.

ಆಯ್ಕೆಯ ಕ್ರಮ

ಶುಷ್ಕತೆಗೆ ಬೇಕಾದುದು ಕೃತಕವಾದ ಕಣ್ಣೀರು. ಸೀಸೆಯ ಮೇಲೆ ದೊಡ್ಡಕ್ಷರದಲ್ಲಿರುವ ಹೆಸರನ್ನು ಬಿಟ್ಟು, ಸಣ್ಣಕ್ಷರದಲ್ಲಿರುವ ದ್ರವ್ಯದ ಹೆಸರನ್ನು ನೋಡತಕ್ಕದ್ದು. ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್, ಹೈಪ್ರೊಮೆಲ್ಲೋಸ್, ಪಾಲಿಎಥಿಲೀನ್ ಗ್ಲೈಕಾಲ್, ಸೋಡಿಯಂ ಹಯಲುರೊನೇಟ್—ಇವುಗಳಲ್ಲಿ ಯಾವುದಾದರೊಂದು ಅದರಲ್ಲಿರುವುದು. ಇವುಗಳಲ್ಲಿ ಒಂದು ಎಲ್ಲರಿಗೂ ಶ್ರೇಷ್ಠವೆಂದು ಸಿದ್ಧವಾಗಿಲ್ಲ. ಬೆಲೆ ಹೆಚ್ಚಾದ ಮಾತ್ರಕ್ಕೆ ಗುಣ ಹೆಚ್ಚೆಂದೂ ಅಲ್ಲ. ಹಗಲಿಗೆ ತೆಳುವಾದುದು ಲೇಸು. ಗಟ್ಟಿಯಾದುದೂ ಮುಲಾಮೂ ಹೆಚ್ಚು ಹೊತ್ತು ನಿಲ್ಲುವುವಾದರೂ ನೋಟವನ್ನು ಮಬ್ಬಾಗಿಸುವುದರಿಂದ ಮಲಗುವಾಗ ಯೋಗ್ಯ. ಎಣ್ಣೆಯ ಕೊರತೆಯುಳ್ಳವರಿಗೆ ಎಣ್ಣೆಯ ಅಂಶವನ್ನು ಸೇರಿಸಿದ ಹನಿಗಳೂ ಉಂಟು.

ಇನ್ನೊಂದನ್ನು ಮುಖ್ಯವಾಗಿ ಗಮನಿಸಬೇಕು. ತೆರೆದ ಸೀಸೆ ಕೆಡದಿರಲೆಂದು ಅನೇಕ ಹನಿಗಳಲ್ಲಿ ಬೆಂಜಾಲ್ಕೋನಿಯಂ ಕ್ಲೋರೈಡ್ ಎಂಬ ರಕ್ಷಕದ್ರವ್ಯವನ್ನು ಬೆರೆಸುತ್ತಾರೆ. ರೋಗಾಣುಗಳನ್ನು ಕೊಲ್ಲುವ ಆ ದ್ರವ್ಯವೇ ಕಣ್ಣಿನ ಮೇಲ್ಪದರವನ್ನೂ ನೋಯಿಸುವುದು. ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚಾಗಿ ಹನಿ ಬೇಕಾದವರು ರಕ್ಷಕವಿಲ್ಲದ್ದನ್ನೇ ಆರಿಸಿಕೊಳ್ಳಬೇಕು. ಅದು ಒಂದು ಹೊತ್ತಿಗೆ ಒಂದರಂತೆ ಸಣ್ಣ ಕೊಳವೆಗಳಲ್ಲಿಯೋ, ಹೊರಗಿನ ಕೊಳೆ ಒಳಸೇರದಂತೆ ರಚಿಸಿದ ವಿಶೇಷವಾದ ಸೀಸೆಗಳಲ್ಲಿಯೋ ದೊರೆಯುತ್ತದೆ.

ವರ್ಜ್ಯವಾದುವು

ಕೆಂಪನ್ನು ಕಳೆಯುವ ಹನಿಗಳಲ್ಲಿ ನ್ಯಾಫಜೋಲಿನ್ ಮೊದಲಾದ ದ್ರವ್ಯಗಳಿರುತ್ತವೆ. ಅವು ರಕ್ತನಾಳಗಳನ್ನು ಸಂಕೋಚಗೊಳಿಸುವುದರಿಂದ ಕಣ್ಣು ಬೆಳ್ಳಗೆ ಕಾಣುವುದು. ಶುಷ್ಕತೆ ಹಾಗೆಯೇ ಉಳಿಯುವುದು. ಬಳಸಿ ಬಳಸಿ ಬಿಟ್ಟರೆ ಕೆಂಪು ಮೊದಲಿಗಿಂತ ಹೆಚ್ಚಾಗಿ ಮರಳುವುದು.

ಇದಕ್ಕಿಂತಲೂ ಘೋರವಾದುದು ಸ್ಟೀರಾಯ್ಡ್ ಹನಿಗಳ ದುರುಪಯೋಗ. ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಪ್ರೆಡ್ನಿಸೋಲೋನ್ ಎಂಬ ಹೆಸರುಗಳನ್ನು ವಾಚಕರು ನೆನಪಿನಲ್ಲಿಡಬೇಕು. ವೈದ್ಯರ ಕೈಯಲ್ಲಿ ಇವು ಅಮೃತಪ್ರಾಯ. ನಮ್ಮ ಕೈಯಲ್ಲಿ ವಿಷಪ್ರಾಯ. ಹಾಕಿಕೊಂಡೊಡನೆ ಉರಿ ಶಮನವಾಗುವುದರಿಂದ ಮನಸ್ಸು ಮೋಸಹೋಗುತ್ತದೆ. ಅಷ್ಟರಲ್ಲಿ ಕಣ್ಣಿನೊಳಗಿನ ಒತ್ತಡ ಏರಿ, ನೋವಿನ ಸುಳಿವೂ ಇಲ್ಲದೆ, ಗ್ಲಾಕೋಮಾ ರೋಗವು ದೃಷ್ಟಿಯನ್ನು ಅಂಚಿನಿಂದ ಕಬಳಿಸತೊಡಗಬಹುದು. ಹೀಗೆ ಹೋದ ದೃಷ್ಟಿ ಮರಳದು. ಕಣ್ಣಿನ ಪೊರೆಯೂ ಬೇಗನೆ ಬೆಳೆಯಬಹುದು. ವೈದ್ಯರ ಚೀಟಿಯಿಲ್ಲದೆ ಇವನ್ನು ಅಂಗಡಿಯವರು ಕೊಟ್ಟರೂ ಕೊಳ್ಳಕೂಡದು. ಹಳೆಯ ಚೀಟಿಯನ್ನು ತೋರಿಸಿ ಮತ್ತೆ ಮತ್ತೆ ತರಲೂ ಕೂಡದು.

ಜೇನುತುಪ್ಪ, ಎದೆಹಾಲು, ಅಂಗಡಿಯ ಪನ್ನೀರು, ಅಡುಗೆಮನೆಯ ಹರಳೆಣ್ಣೆ ಇವನ್ನು ಹಿರಿಯರು ಸದುದ್ದೇಶದಿಂದಲೇ ಹೇಳಬಹುದು. ಆದರೆ ರೋಗಾಣುರಹಿತವಲ್ಲದ ಯಾವುದನ್ನೂ ಕಣ್ಣಿಗೆ ಬಿಡಲಾಗದು. ಔಷಧವೇ ಮಲಿನವಾದರೆ ಏನಾಗುವುದೆಂಬುದಕ್ಕೆ 2022-23ರಲ್ಲಿ ಅಮೆರಿಕದಲ್ಲಿ ನಡೆದುದು ಸಾಕ್ಷಿ. ನಮ್ಮ ದೇಶದಲ್ಲಿ ತಯಾರಾಗಿ ಅಲ್ಲಿಗೆ ಹೋದ, ರಕ್ಷಕವಿಲ್ಲದ ಕೃತಕ ಕಣ್ಣೀರಿನ ಸೀಸೆಗಳಿಗೆ ಸಂಬಂಧಿಸಿದ ಸೋಂಕು 18 ರಾಜ್ಯಗಳಲ್ಲಿ 81 ಮಂದಿಯಲ್ಲಿ ಕಂಡುಬಂದಿತು. 14 ಮಂದಿ ದೃಷ್ಟಿಯನ್ನು ಕಳೆದುಕೊಂಡರು, ನಾಲ್ವರು ಮೃತರಾದರು.

ಹಾಕುವ ವಿಧಾನ

ಮೊದಲು ಕೈಗಳನ್ನು ಸಾಬೂನಿನಿಂದ ತೊಳೆಯತಕ್ಕದ್ದು. ತಲೆಯನ್ನು ಹಿಂದಕ್ಕೆ ಬಾಗಿಸಿ, ಕೆಳರೆಪ್ಪೆಯನ್ನು ಮೆಲ್ಲನೆ ಎಳೆದು, ಅಲ್ಲಿ ಆಗುವ ಚೀಲದಂಥ ಸ್ಥಳಕ್ಕೆ ಒಂದೇ ಹನಿ ಬಿಡಬೇಕು. ಕಣ್ಣು ಹಿಡಿಸುವುದು ಒಂದು ಹನಿಗಿಂತಲೂ ಕಡಿಮೆ. ಎರಡನೆಯದು ಕೆನ್ನೆಯ ಪಾಲು. ಸೀಸೆಯ ತುದಿ ರೆಪ್ಪೆಗಾಗಲಿ ಬೆರಳಿಗಾಗಲಿ ತಗುಲಕೂಡದು. ಬಳಿಕ ಒಂದು ನಿಮಿಷ ಕಣ್ಣು ಮುಚ್ಚಿ, ಮೂಗಿನ ಕಡೆಯ ಮೂಲೆಯನ್ನು ಬೆರಳಿನಿಂದ ಒತ್ತಿಹಿಡಿದರೆ ಮದ್ದು ಗಂಟಲಿಗೆ ಇಳಿಯದೆ ಕಣ್ಣಿನಲ್ಲೇ ನಿಲ್ಲುತ್ತದೆ. ಬೇರೊಂದು ಹನಿಮದ್ದು ಹಾಕುವುದಿದ್ದರೆ ಐದು ನಿಮಿಷಗಳ ಅಂತರವಿರಲಿ, ಮುಲಾಮು ಕೊನೆಗೆ. ಸೀಸೆಯನ್ನು ತೆರೆದ ದಿನವನ್ನು ಅದರ ಮೇಲೆಯೇ ಬರೆದು, ಚೀಟಿಯಲ್ಲಿ ಬೇರೆ ಅವಧಿಯನ್ನು ಹೇಳಿಲ್ಲದಿದ್ದರೆ ಒಂದು ತಿಂಗಳಿಗೆ ಬಿಸಾಡಬೇಕು. ಒಬ್ಬರ ಸೀಸೆಯನ್ನು ಇನ್ನೊಬ್ಬರು, ದಂಪತಿಗಳೇ ಆಗಲಿ, ಬಳಸಲಾಗದು.

ಹನಿಯೊಡನೆ ಪಥ್ಯವೂ ಇರಲಿ. ಓದಿನ ನಡುನಡುವೆ ದೂರ ನೋಡಿ, ರೆಪ್ಪೆಗಳನ್ನು ಪೂರ್ಣವಾಗಿ ಮುಚ್ಚಿ ತೆರೆಯುವುದು, ಫ್ಯಾನಿಗೆ ಮುಖ ಕೊಡದೆ ಮಲಗುವುದು, ಬೆಚ್ಚನೆಯ ಒದ್ದೆಬಟ್ಟೆಯನ್ನು ಮುಚ್ಚಿದ ರೆಪ್ಪೆಗಳ ಮೇಲೆ ಐದಾರು ನಿಮಿಷ ಇಟ್ಟು ಗಟ್ಟಿಯಾದ ಎಣ್ಣೆಯನ್ನು ಕರಗಿಸುವುದು—ಇವು ಖರ್ಚಿಲ್ಲದ ಚಿಕಿತ್ಸೆಗಳು.

ಆದರೆ ನೋವು, ಕೀವು, ಬೆಳಕನ್ನು ತಾಳಲಾರದಿರುವುದು, ನೋಟ ಕುಂದುವುದು ಇವು ಕಂಡರೆ ತಡಮಾಡದೆ ನೇತ್ರವೈದ್ಯರಲ್ಲಿಗೆ ಹೋಗಬೇಕು. ಮಗುವಿಗೆ ಕಣ್ಣು ಒಣಗಿ ಸಂಜೆಯಲ್ಲಿ ಕಾಣದಂತಾದರೆ ಅದು ಎ ಜೀವಸತ್ವದ ಅಭಾವವಿರಬಹುದು. ಹನಿಯಿಂದ ಅದು ವಾಸಿಯಾಗದು. ಎರಡು ಮೂರು ವಾರ ಕೃತಕ ಕಣ್ಣೀರಿನಿಂದ ಗುಣ ಕಾಣದವರೂ ಪರೀಕ್ಷೆ ಮಾಡಿಸಿಕೊಳ್ಳಬೇಕು. ರೆಪ್ಪೆಯಲ್ಲಿ ಸಣ್ಣ ಕಾಗದದ ಪಟ್ಟಿಯನ್ನಿಟ್ಟು ಐದು ನಿಮಿಷದಲ್ಲಿ ಅದೆಷ್ಟು ಒದ್ದೆಯಾಯಿತೆಂದು ಅಳೆಯುವ ಸುಲಭವಾದ ಕ್ರಮವೂ ವೈದ್ಯರಲ್ಲಿದೆ.

ಕೃತಕ ಕಣ್ಣೀರು ಬಾಡುವ ಗಿಡಕ್ಕೆ ಎರೆದ ನೀರಿನಂತೆ. ನಿತ್ಯವೂ ಬೇಕಾಗಬಹುದು, ಅದಕ್ಕಾಗಿ ಬೇಸರಪಡಬೇಕಾದುದಿಲ್ಲ. ಬೇಸರದಿಂದ ಬೇಗ ಗುಣಕೊಡುವ ಸೀಸೆಯನ್ನು ಅರಸಿ ಹೊರಡುವುದೇ ಅಪಾಯಕ್ಕೆ ದಾರಿ. ಇಂದೇ ಮನೆಯ ಗೂಡಿನಲ್ಲಿರುವ ಸೀಸೆಗಳನ್ನು ಹೊರತೆಗೆದು, ಅಕ್ಷರ ಸಣ್ಣದಾದರೆ ಮಕ್ಕಳಿಂದ ಓದಿಸಿ, ಹಳೆಯವನ್ನೂ ಹೆಸರು ತಿಳಿಯದವನ್ನೂ ಬಿಸಾಡಿರೆಂದು ವಾಚಕರಲ್ಲಿ ನಮ್ಮ ವಿಜ್ಞಾಪನೆ.